ಎಪ್ಪತ್ತೈದರ ವಯಸ್ಸಿಗೂ ಒಗ್ಗುವ ಮನೆ

ಮನೆ ಕಟ್ಟಿಸುವ ನಿರ್ಧಾರವನ್ನು ಹೆಚ್ಚಿನವರು ಮೈಯಲ್ಲಿ ಕಸುವಿರುವ ವಯಸ್ಸಿನಲ್ಲಿ ಮಾಡುತ್ತಾರೆ. ಆಗ ಮೊಣಕಾಲು ಹೇಳಿದಂತೆ ಕೇಳುತ್ತದೆ, ಮಂದ ಬೆಳಕಿನಲ್ಲೂ ಕಣ್ಣು ಮೆಟ್ಟಿಲಿನ ಅಂಚನ್ನು ಗುರುತಿಸುತ್ತದೆ, ಒದ್ದೆ ನೆಲದಲ್ಲಿ ಕಾಲು ಜಾರಿದರೂ ದೇಹ ತಾನಾಗಿಯೇ ಸಾವರಿಸಿಕೊಳ್ಳುತ್ತದೆ. ಹೀಗಾಗಿ ನಕ್ಷೆಯ ಮುಂದೆ ಕುಳಿತಾಗ ಮಕ್ಕಳ ಕೋಣೆ, ಅತಿಥಿಗಳ ಕೋಣೆ, ವಾಹನ ನಿಲ್ಲಿಸುವ ಜಾಗ ಎಲ್ಲವೂ ಚರ್ಚೆಗೆ ಬರುತ್ತವೆ. ಎಪ್ಪತ್ತೈದು ದಾಟಿದ ಮೇಲೆ ಇದೇ ಮನೆಯಲ್ಲಿ ತಾವು ಹೇಗೆ ಓಡಾಡುತ್ತೇವೆ ಎಂಬುದು ಮಾತ್ರ ಬರುವುದಿಲ್ಲ. ಮನೆಗಳ ನಕ್ಷೆ ಸಿದ್ಧಪಡಿಸುವ ಕೆಲಸದಲ್ಲಿರುವ ನನಗೆ ಈ ಮೌನ ನಿಜವಾಗಿಯೂ ಚಿಂತೆಗೆ ಕಾರಣವಾಗಿದೆ. ಮನೆಯೊಂದು ಐವತ್ತು ವರ್ಷ ನಿಲ್ಲುವಂತೆ ಕಂಬ ತೊಲೆಗಳನ್ನು ಲೆಕ್ಕ ಹಾಕುವ ನಾವು, ಅದರಲ್ಲಿ ವಾಸಿಸುವವರ ದೇಹವೂ ಆ ಐವತ್ತು ವರ್ಷಗಳಲ್ಲಿ ಬದಲಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ವೃದ್ಧಾಪ್ಯವನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಪೊವೆಲ್ ಲಾಟನ್ ಮತ್ತು ಅವರ ಸಹೋದ್ಯೋಗಿ ಲ್ಯೂಸಿಲ್ ನಹೆಮೊವ್ 1973ರಲ್ಲಿ ಮುಂದಿಟ್ಟ ವಿಚಾರವೊಂದು ಈ ವಿಷಯಕ್ಕೆ ತಳಹದಿಯಾಗಿದೆ. ವ್ಯಕ್ತಿಯ ಸಾಮರ್ಥ್ಯ ಮತ್ತು ಸುತ್ತಲ ಪರಿಸರ ಅವನಿಂದ ಬೇಡುವ ಶ್ರಮ, ಇವೆರಡರ ನಡುವಿನ ಹೊಂದಾಣಿಕೆಯೇ ಅವನು ಎಷ್ಟು ಸ್ವತಂತ್ರವಾಗಿ ಬದುಕುತ್ತಾನೆ ಎಂಬುದನ್ನು ತೀರ್ಮಾನಿಸುತ್ತದೆ ಎಂಬುದು ಅದರ ಸಾರ. ಸಾಮರ್ಥ್ಯ ಕಡಿಮೆಯಾದಷ್ಟೂ ಪರಿಸರದ ಸಣ್ಣ ಅಡಚಣೆಯೂ ದೊಡ್ಡದಾಗುತ್ತದೆ. ಹದಿನೈದು ಸೆಂಟಿಮೀಟರ್ ಎತ್ತರದ ಒಂದು ಮೆಟ್ಟಿಲು ನಲವತ್ತರ ವಯಸ್ಸಿನವರ ಗಮನಕ್ಕೂ ಬರುವುದಿಲ್ಲ. ಸೊಂಟದ ಮೂಳೆ ಮುರಿದು ಚೇತರಿಸಿಕೊಳ್ಳುತ್ತಿರುವವರಿಗೆ ಅದೇ ಮೆಟ್ಟಿಲು ಹೊರಗಿನ ಲೋಕವನ್ನೇ ಮುಚ್ಚಿಬಿಡುತ್ತದೆ. ಅಂಥ ಸ್ಥಿತಿಯಲ್ಲಿ ನಾವು ಆ ವ್ಯಕ್ತಿಯನ್ನು ಪರಾವಲಂಬಿ ಎನ್ನುತ್ತೇವೆಯೇ ಹೊರತು ಆ ಮೆಟ್ಟಿಲನ್ನು ಅಲ್ಲಿಟ್ಟ ನಕ್ಷೆಯನ್ನು ಪ್ರಶ್ನಿಸುವುದಿಲ್ಲ.

ವಯಸ್ಸಿನೊಂದಿಗೆ ದೇಹದಲ್ಲಿ ಆಗುವ ಬದಲಾವಣೆಗಳು ಒಂದೇ ಬಗೆಯವಲ್ಲ, ಒಂದೇ ವೇಗದವೂ ಅಲ್ಲ. ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇದರಿಂದ ಅರವತ್ತರ ವಯಸ್ಸಿನವರ ಅಕ್ಷಿಪಟಲವನ್ನು ತಲುಪುವ ಬೆಳಕು ಇಪ್ಪತ್ತರ ಹರೆಯದವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ ಮಾತ್ರ. ಕೈಹಿಡಿತದ ಬಲ ಕುಗ್ಗುತ್ತದೆ, ಸಮತೋಲನ ಕಾಯ್ದುಕೊಳ್ಳುವ ಪ್ರತಿಕ್ರಿಯೆ ನಿಧಾನವಾಗುತ್ತದೆ, ಮಲಗಿದ್ದವರು ತಟ್ಟನೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ಸುತ್ತುವುದು ಹೆಚ್ಚುತ್ತದೆ, ರಾತ್ರಿ ಮೂತ್ರಕ್ಕೆ ಏಳಬೇಕಾದ ಸಂದರ್ಭಗಳೂ ಹೆಚ್ಚುತ್ತವೆ. ಇವುಗಳಲ್ಲಿ ಪ್ರತಿಯೊಂದೂ ಬಿಡಿಯಾಗಿ ಸಣ್ಣದೆನಿಸಬಹುದು. ಆದರೆ ಮಧ್ಯರಾತ್ರಿ ಎರಡು ಗಂಟೆಗೆ, ಅರೆನಿದ್ದೆಯಲ್ಲಿ, ಕತ್ತಲೆಯ ಓಣಿಯೊಂದನ್ನು ದಾಟಿ, ಎತ್ತರದ ಹೊಸ್ತಿಲು ಹಾಯ್ದು ಒದ್ದೆ ನೆಲದ ಮೇಲೆ ಕಾಲಿಡುವಾಗ ಇವೆಲ್ಲವೂ ಒಟ್ಟಿಗೆ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ, ಮತ್ತು ಅವರಲ್ಲಿ ಅರವತ್ತು ದಾಟಿದವರ ಪ್ರಮಾಣವೇ ಅತ್ಯಧಿಕ.

ಮನೆಯನ್ನು ಇದಕ್ಕೆ ಅಣಿಗೊಳಿಸುವುದೆಂದರೆ ಮೊದಲ ದಿನದಿಂದಲೇ ಎಲ್ಲ ಗೋಡೆಗಳಿಗೂ ಉಕ್ಕಿನ ಸರಳುಗಳನ್ನು ಜೋಡಿಸಿ ಆಸ್ಪತ್ರೆಯಂತೆ ಮಾಡುವುದೆಂದು ಹಲವರು ಭಾವಿಸುತ್ತಾರೆ. ನನ್ನ ನಿಲುವು ಬೇರೆ. ಮನೆಯ ಅಂಗಗಳಲ್ಲಿ ಯಾವುದನ್ನು ಮುಂದೆ ಒಂದು ದಿನದ ಕೆಲಸದಲ್ಲಿ ಬದಲಿಸಬಹುದು, ಯಾವುದನ್ನು ಬದಲಿಸಲು ಗೋಡೆ ಒಡೆದು ನೆಲ ಅಗೆಯಬೇಕು ಎಂಬುದನ್ನು ನಕ್ಷೆಯ ಹಂತದಲ್ಲೇ ಬೇರ್ಪಡಿಸಬೇಕು. ದೀಪ, ನಲ್ಲಿ, ಬಾಗಿಲ ಹಿಡಿಕೆ, ಸ್ನಾನಗೃಹದ ಆಸನ ಇವೆಲ್ಲ ಮೊದಲ ಗುಂಪಿಗೆ ಸೇರುತ್ತವೆ. ಅವು ಬೇಕಾದಾಗ ಬರಲಿ. ನೆಲದ ಮಟ್ಟ, ಬಾಗಿಲಿನ ಅಗಲ, ಗೋಡೆಯೊಳಗಿನ ಬಲ, ನೀರು ಹರಿಯುವ ಇಳಿಜಾರು, ನೆಲಮಹಡಿಯಲ್ಲಿ ಮಲಗುವ ಕೋಣೆಗೆ ಆಗುವ ಸ್ಥಳ ಇವು ಎರಡನೆಯ ಗುಂಪಿನವು. ನಮ್ಮ ಯೋಚನೆಯ ಬಹುಪಾಲು ಈ ಎರಡನೆಯ ಗುಂಪಿಗೇ ಸಲ್ಲಬೇಕು, ಏಕೆಂದರೆ ಕಟ್ಟುವಾಗ ಇವಕ್ಕೆ ತಗಲುವ ಹೆಚ್ಚುವರಿ ಖರ್ಚು ಅತ್ಯಲ್ಪ, ಮುಂದೆ ತಿದ್ದಲು ಹೋದಾಗ ಆಗುವ ಖರ್ಚು ಮತ್ತು ಹಿಂಸೆ ಬಹಳ ದೊಡ್ಡದು. ಮೇಲಾಗಿ, ತಿದ್ದುವ ಅಗತ್ಯ ಸಾಮಾನ್ಯವಾಗಿ ಎದುರಾಗುವುದು ಕುಟುಂಬದಲ್ಲಿ ಯಾರೋ ಬಿದ್ದು ಆಸ್ಪತ್ರೆಯಲ್ಲಿರುವಾಗ. ಧೂಳು ಗದ್ದಲಗಳನ್ನು ತಾಳಿಕೊಳ್ಳಲು ಅದಕ್ಕಿಂತ ಕೆಟ್ಟ ಸಮಯ ಮತ್ತೊಂದಿಲ್ಲ.

ಮೊದಲಿಗೆ ಮಟ್ಟದ ವಿಚಾರ. ಗಾಲಿಕುರ್ಚಿಗೆ ಒಪ್ಪುವ ಇಳಿಜಾರಿಗೆ ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಪ್ರಮಾಣ 1:12, ಅಂದರೆ ಒಂದು ಸೆಂಟಿಮೀಟರ್ ಏರಲು ಹನ್ನೆರಡು ಸೆಂಟಿಮೀಟರ್ ಉದ್ದ. ಮನೆಯ ನೆಲ ಅಂಗಳದಿಂದ 450 ಮಿ.ಮೀ. ಎತ್ತರದಲ್ಲಿದ್ದರೆ ಇಳಿಜಾರು 5.4 ಮೀಟರ್ ಉದ್ದ ಬೇಕು. ಊರುಗೋಲು ಹಿಡಿದು ನಡೆಯುವವರಿಗೆ ಹಿತವಾದ 1:20ರ ಪ್ರಮಾಣದಲ್ಲಾದರೆ 9 ಮೀಟರ್. ಕಟ್ಟಿ ಮುಗಿದ ಮನೆಯ ಮುಂದೆ ಇಷ್ಟು ಜಾಗ ಹುಡುಕುವುದು ಕಷ್ಟ. ಆದರೆ ನಿವೇಶನದ ಮಣ್ಣನ್ನು ಹದಗೊಳಿಸುವ ಹಂತದಲ್ಲಿಯೇ, ಮಳೆನೀರು ಮನೆಯ ಕಡೆ ಹರಿಯದಂತೆ ನೋಡಿಕೊಂಡು, ಒಂದು ಪ್ರವೇಶದ್ವಾರದವರೆಗೆ ದಾರಿಯನ್ನು ನಿಧಾನವಾಗಿ ಏರಿಸಿದರೆ ಅದು ಇಳಿಜಾರು ಎಂದು ಯಾರ ಕಣ್ಣಿಗೂ ಬೀಳುವುದಿಲ್ಲ, ತೋಟದ ಕಾಲುದಾರಿಯಂತೆ ತೋರುತ್ತದೆ. ಅಮೆರಿಕದ ಅಟ್ಲಾಂಟಾದಲ್ಲಿ ಎಲೀನರ್ ಸ್ಮಿತ್ ಎಂಬ ಹೋರಾಟಗಾರ್ತಿ 1987ರಿಂದ ನಡೆಸಿದ ಅಭಿಯಾನದ ಬೇಡಿಕೆ ಮೂರೇ ಅಂಶಗಳದ್ದಾಗಿತ್ತು: ಮೆಟ್ಟಿಲಿಲ್ಲದ ಒಂದು ಪ್ರವೇಶ, ಗಾಲಿಕುರ್ಚಿ ದಾಟಬಲ್ಲ ಬಾಗಿಲುಗಳು, ನೆಲಮಹಡಿಯಲ್ಲಿ ಒಂದು ಶೌಚಾಲಯ. ಹೊಸದಾಗಿ ಕಟ್ಟುವ ಪ್ರತಿಯೊಂದು ಮನೆಗೂ ಇಷ್ಟು ಇರಲಿ ಎಂಬ ಆ ಮಿತವಾದ ಬೇಡಿಕೆಯ ವಿವೇಕವನ್ನು ನಾನು ಬಹಳವಾಗಿ ಮೆಚ್ಚುತ್ತೇನೆ. ಮನೆಯ ಒಳಗಡೆಯೂ ಕೋಣೆಯಿಂದ ಕೋಣೆಗೆ ನೆಲದ ಮಟ್ಟ ಒಂದೇ ಆಗಿರಬೇಕು. ಹದಿಮೂರು ಮಿಲಿಮೀಟರಿಗಿಂತ ಎತ್ತರದ ಹೊಸ್ತಿಲನ್ನು ಹಲವು ಮಾನದಂಡಗಳು ಒಪ್ಪುವುದಿಲ್ಲ. ವಯಸ್ಸಾದವರು ಹೆಜ್ಜೆಯನ್ನು ಹೆಚ್ಚು ಎತ್ತದೆ ನಡೆಯುವುದರಿಂದ, ಕಣ್ಣಿಗೆ ಎದ್ದು ಕಾಣುವ ದೊಡ್ಡ ಮೆಟ್ಟಿಲಿಗಿಂತ ಕಾಣದ ಸಣ್ಣ ಏರಿಳಿತವೇ ಅವರನ್ನು ಹೆಚ್ಚಾಗಿ ಎಡವಿಸುತ್ತದೆ.

ಬಾಗಿಲಿನ ಅಗಲವನ್ನು ಅಳೆಯುವಾಗ ಚೌಕಟ್ಟಿನ ಅಳತೆಯನ್ನು ನೋಡದೆ, ಬಾಗಿಲು ತೊಂಬತ್ತು ಡಿಗ್ರಿ ತೆರೆದಾಗ ನಿಜವಾಗಿ ಉಳಿಯುವ ತೆರಪನ್ನು ನೋಡಬೇಕು. ಅದು ಕನಿಷ್ಠ 815 ಮಿ.ಮೀ. ಇರಬೇಕೆಂದರೆ ಬಾಗಿಲಿನ ಹಲಗೆ 900 ಮಿ.ಮೀ. ಇರುವುದು ಕ್ಷೇಮ. ಗಾಲಿಕುರ್ಚಿ ಸುತ್ತು ತಿರುಗಲು ಸುಮಾರು 1.5 ಮೀಟರ್ ವ್ಯಾಸದ ಜಾಗ ಬೇಕಾಗುತ್ತದೆ. ಗಾಲಿಕುರ್ಚಿಯ ಅಗತ್ಯ ಎಂದೂ ಬಾರದಿದ್ದರೂ ಈ ಅಗಲ ವ್ಯರ್ಥವಾಗುವುದಿಲ್ಲ. ವಯಸ್ಸಾದವರ ತೋಳು ಹಿಡಿದು ಪಕ್ಕದಲ್ಲೇ ನಡೆಸಿಕೊಂಡು ಹೋಗುವವರಿಗೂ ಜಾಗ ಬೇಕಷ್ಟೆ.

ಮನೆಯಲ್ಲಿ ಅತಿ ಹೆಚ್ಚು ಗಮನ ಬೇಡುವ ಸ್ಥಳ ಸ್ನಾನಗೃಹ. ವಿಚಿತ್ರವೆಂದರೆ ನಕ್ಷೆಯಲ್ಲಿ ಉಳಿದ ಕೋಣೆಗಳನ್ನೆಲ್ಲ ಹಂಚಿ ಮಿಕ್ಕ ಮೂಲೆಯನ್ನು ಅದಕ್ಕೆ ಕೊಡುವ ರೂಢಿ ಎಲ್ಲೆಡೆ ಇದೆ. ನೀರು, ಸಾಬೂನು, ನುಣುಪಾದ ಟೈಲ್ಸ್, ಗಟ್ಟಿ ಅಂಚುಗಳು, ಏಳುವ ಕೂರುವ ಬಾಗುವ ಚಲನೆಗಳು, ಇವೆಲ್ಲ ಕೂಡುವುದು ಅಲ್ಲಿಯೇ. ಅಲ್ಲಿ ಮೊದಲು ಮಾಡಬೇಕಾದ ಕೆಲಸ ಕಣ್ಣಿಗೆ ಕಾಣದ್ದು: ಕಮೋಡಿನ ಪಕ್ಕ ಮತ್ತು ಹಿಂದೆ, ಸ್ನಾನ ಮಾಡುವ ಸ್ಥಳದ ಸುತ್ತ, ಮುಂದೆ ಹಿಡಿಸರಳು ಕೂರಿಸಲು ಸಾಧ್ಯವಾಗುವಂತೆ ಗೋಡೆಯನ್ನು ಬಲಪಡಿಸುವುದು. ಗೋಡೆ ಹಗುರವಾದ ಚೌಕಟ್ಟಿನದಾದರೆ ಒಳಗೆ ದಪ್ಪ ಪ್ಲೈವುಡ್ ಹಲಗೆ ಇಡಬೇಕು. ಪೊಳ್ಳು ಇಟ್ಟಿಗೆಯದಾದರೆ ಆ ಭಾಗವನ್ನು ಕಾಂಕ್ರೀಟಿನಿಂದ ತುಂಬಬೇಕು. ಅಮೆರಿಕದ ಮಾನದಂಡದಂತೆ ಇಂಥ ಸರಳು ಸುಮಾರು 113 ಕಿಲೋ ಭಾರವನ್ನು ತಡೆದುಕೊಳ್ಳಬೇಕು. ಬೀಳುವ ಕ್ಷಣದಲ್ಲಿ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಅದು ಟವೆಲ್ ಹಾಕುವ ತೆಳು ಸರಳಾಗಿದ್ದರೆ ಗೋಡೆಯಿಂದ ಕಿತ್ತುಕೊಂಡು ಅವನೊಂದಿಗೇ ಬೀಳುತ್ತದೆ. ಆದ್ದರಿಂದ ಸ್ನಾನಗೃಹದಲ್ಲಿ ಟವೆಲ್ ಸರಳನ್ನೂ ಹಿಡಿಸರಳಿನಷ್ಟೇ ಗಟ್ಟಿಯಾಗಿ ಕೂರಿಸಿ ಎಂದು ನಾನು ಎಲ್ಲರಿಗೂ ಒತ್ತಾಯಿಸುತ್ತೇನೆ.

ಸ್ನಾನದ ಜಾಗಕ್ಕೆ ಕಟ್ಟೆ ಕಟ್ಟದೆ, ಇಡೀ ನೆಲವನ್ನೇ ನೀರು ಹೋಗುವ ಜಾಲರಿಯತ್ತ ಹಿತವಾಗಿ ಇಳಿಸಿದರೆ ದಾಟಬೇಕಾದ ಅಡ್ಡಿಯೇ ಇರುವುದಿಲ್ಲ. ಇದಕ್ಕೆ ಆ ಭಾಗದ ಸ್ಲ್ಯಾಬನ್ನು ಮೊದಲೇ ಸ್ವಲ್ಪ ತಗ್ಗಿಸಿ ಹಾಕಿರಬೇಕು, ಜಲನಿರೋಧಕ ಪದರ ಇಡೀ ಕೋಣೆಗೆ ಹರಡಿರಬೇಕು. ಕಟ್ಟಿ ಮುಗಿದ ಮೇಲೆ ಇದು ಬಹುತೇಕ ಅಸಾಧ್ಯ. ಟೈಲ್ಸ್ ಆರಿಸುವಾಗ ಅಂಗಡಿಯ ಒಣ ನೆಲದ ಮೇಲೆ ಬೂಟು ಹಾಕಿಕೊಂಡು ನಿಂತು ತೀರ್ಮಾನಿಸಬಾರದು. ಒದ್ದೆಯಾದಾಗ ಅದು ಎಷ್ಟು ಹಿಡಿತ ಕೊಡುತ್ತದೆ ಎಂಬುದೇ ಮುಖ್ಯ. ತೂಗಾಡುವ ತೋಳಿನ ರಬ್ಬರ್ ತುಂಡು ನೆಲವನ್ನು ಸವರುವಾಗ ಸಿಗುವ ಹಿಡಿತವನ್ನು ಅಳೆಯುವ, ಬ್ರಿಟನ್ನಿನಲ್ಲಿ ಬಳಸುವ ಲೋಲಕ ಪರೀಕ್ಷೆಯಲ್ಲಿ 36 ಅಥವಾ ಅದಕ್ಕಿಂತ ಹೆಚ್ಚಿನ ಅಂಕ ಪಡೆದ ನೆಲಹಾಸನ್ನು ಜಾರುವ ಅಪಾಯ ಕಡಿಮೆ ಇರುವಂಥದ್ದೆಂದು ಪರಿಗಣಿಸುತ್ತಾರೆ. ಕೊಳ್ಳುವವರು ತಯಾರಕರ ಬಳಿ ಒದ್ದೆ ಸ್ಥಿತಿಯ ಅಂಕವನ್ನು ಕೇಳಿ ಪಡೆಯಬೇಕು. ಕಮೋಡಿನ ಆಸನದ ಎತ್ತರ 430ರಿಂದ 485 ಮಿ.ಮೀ. ನಡುವೆ ಇದ್ದರೆ ಮೊಣಕಾಲಿನ ಮೇಲೆ ಬೀಳುವ ಶ್ರಮ ಕಡಿಮೆ. ಬಾಗಿಲು ಹೊರಕ್ಕೆ ತೆರೆಯಬೇಕು ಇಲ್ಲವೇ ಪಕ್ಕಕ್ಕೆ ಸರಿಯಬೇಕು, ಏಕೆಂದರೆ ಒಳಗೆ ಬಿದ್ದವರ ದೇಹ ಒಳಕ್ಕೆ ತೆರೆಯುವ ಬಾಗಿಲನ್ನು ತಡೆದುಬಿಟ್ಟರೆ ಸಹಾಯಕ್ಕೆ ಬಂದವರು ಹೊರಗೇ ನಿಲ್ಲಬೇಕಾಗುತ್ತದೆ. ಚಿಲಕವೂ ಹೊರಗಿನಿಂದ ತೆಗೆಯಲು ಬರುವಂಥದ್ದಿರಲಿ.

ಬಿಸಿನೀರಿನ ಅಪಾಯವನ್ನು ಜನ ಮರೆಯುತ್ತಾರೆ. 60 ಡಿಗ್ರಿ ಸೆಲ್ಸಿಯಸ್ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. 49 ಡಿಗ್ರಿಯಲ್ಲಿ ಅದಕ್ಕೆ ನಿಮಿಷಗಳೇ ಬೇಕು. ವಯಸ್ಸಾದವರ ಚರ್ಮ ತೆಳುವಾಗಿರುತ್ತದೆ, ಕಾಲು ಎಳೆದುಕೊಳ್ಳುವ ವೇಗವೂ ಕಡಿಮೆ. ಶ್ವಾಸಕೋಶದ ಸೋಂಕು ತರುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯ ಬೆಳೆಯದಂತೆ ತೊಟ್ಟಿಯ ನೀರನ್ನು ಹೆಚ್ಚು ಬಿಸಿಯಾಗಿಡಬೇಕಾದ ಅಗತ್ಯವೂ ಇರುವುದರಿಂದ, ತೊಟ್ಟಿಯ ತಾಪವನ್ನು ಇಳಿಸುವುದಕ್ಕಿಂತ ನಲ್ಲಿಗೆ ಬರುವ ಮೊದಲು ತಣ್ಣೀರನ್ನು ತಾನಾಗಿ ಬೆರೆಸಿ ತಾಪವನ್ನು ಮಿತಿಯಲ್ಲಿಡುವ ಕವಾಟವನ್ನು ಅಳವಡಿಸುವುದು ಸರಿಯಾದ ಮಾರ್ಗ.

ಹಾಸಿಗೆಯಿಂದ ಶೌಚಾಲಯದವರೆಗಿನ ದಾರಿಯನ್ನು ನಾನು ಪ್ರತಿಯೊಂದು ನಕ್ಷೆಯಲ್ಲೂ ಬೇರೆಯಾಗಿ ಗೆರೆ ಎಳೆದು ನೋಡುತ್ತೇನೆ. ಅದು ಚಿಕ್ಕದಾಗಿರಬೇಕು, ನೇರವಾಗಿರಬೇಕು, ಅದರಲ್ಲಿ ಪೀಠೋಪಕರಣ ಅಡ್ಡ ಬರಬಾರದು. ಹಾಸಿಗೆಯಿಂದ ಕಾಲು ಕೆಳಗಿಟ್ಟ ಕೂಡಲೇ ನೆಲದ ಹತ್ತಿರ ಹೊತ್ತಿಕೊಳ್ಳುವ ಮಂದವಾದ, ಬೆಚ್ಚನೆಯ ಬಣ್ಣದ ದೀಪಗಳು ಈ ದಾರಿಗೆ ಸಾಕು. ಇದ್ದಕ್ಕಿದ್ದಂತೆ ಪ್ರಖರ ದೀಪ ಹಾಕಿದರೆ ಕಣ್ಣು ಕುಕ್ಕುತ್ತದೆ, ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ವಯಸ್ಸಾದ ಕಣ್ಣಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಹಗಲಿನ ವಿಚಾರ ಬೇರೆ: ಓದುವ, ಅಡುಗೆ ಮಾಡುವ, ಔಷಧಿಯ ಚೀಟಿ ನೋಡುವ ಸ್ಥಳಗಳಲ್ಲಿ ಬೆಳಕು ಧಾರಾಳವಾಗಿರಬೇಕು, ಆದರೆ ಬಲ್ಬು ನೇರವಾಗಿ ಕಣ್ಣಿಗೆ ಹೊಡೆಯಬಾರದು. ಬಣ್ಣದ ವ್ಯತ್ಯಾಸವೂ ಬೆಳಕಿನಷ್ಟೇ ಸಹಾಯಕ. ಬಿಳಿ ಗೋಡೆಯ ಮೇಲಿನ ಬಿಳಿ ಸ್ವಿಚ್ಚು, ಬಿಳಿ ನೆಲದ ಮೇಲಿನ ಬಿಳಿ ಕಮೋಡು ಛಾಯಾಚಿತ್ರದಲ್ಲಿ ಚೆನ್ನಾಗಿ ಕಾಣಬಹುದು; ಮಸುಕಾದ ಕಣ್ಣಿಗೆ ಅವು ಇರುವುದೇ ತಿಳಿಯುವುದಿಲ್ಲ. ಮರೆವಿನ ಕಾಯಿಲೆ ಇರುವವರಿಗೆ ತಿಳಿಬಣ್ಣದ ನೆಲದ ಮೇಲಿನ ಕಪ್ಪು ಚಾಪೆ ಹಳ್ಳದಂತೆಯೂ, ಹೊಳೆಯುವ ನೆಲ ನೀರು ನಿಂತಂತೆಯೂ ತೋರಬಹುದು. ಅದಕ್ಕಾಗಿ ನೆಲವೆಲ್ಲ ಒಂದೇ ಬಗೆಯ, ಹೊಳಪಿಲ್ಲದ ಬಣ್ಣದಲ್ಲಿದ್ದು, ಗೋಡೆ, ಬಾಗಿಲು, ಹಿಡಿಕೆಗಳು ಅದರಿಂದ ಬೇರೆಯಾಗಿ ಎದ್ದು ಕಾಣಬೇಕು.

ಮೆಟ್ಟಿಲುಗಳೇ ಇಲ್ಲದ ಮನೆ ಎಲ್ಲರಿಗೂ ಸಾಧ್ಯವಿಲ್ಲ. ಮೆಟ್ಟಿಲು ಹತ್ತುವುದು ಕಾಲಿನ ಬಲವನ್ನು ಉಳಿಸಿಕೊಳ್ಳಲು ನೆರವಾಗುತ್ತದೆ ಎಂಬುದೂ ನಿಜ. ಆದರೆ ಮೆಟ್ಟಿಲುಗಳ ಎತ್ತರದಲ್ಲಿ ಏಕರೂಪತೆ ಇರಲೇಬೇಕು. ಮೊದಲ ಎರಡು ಮೂರು ಹೆಜ್ಜೆಗಳಲ್ಲೇ ಕಾಲು ಅಳತೆಯನ್ನು ಕಲಿತು ಮುಂದಿನದನ್ನು ನೋಡದೆ ಇಡುತ್ತದೆ. ನೆಲಹಾಸಿನ ದಪ್ಪವನ್ನು ಲೆಕ್ಕಕ್ಕೆ ಹಿಡಿಯದೆ ಕಟ್ಟಿದ್ದರಿಂದ ಮೊದಲ ಅಥವಾ ಕೊನೆಯ ಮೆಟ್ಟಿಲು ಒಂದೆರಡು ಸೆಂಟಿಮೀಟರ್ ಬೇರೆಯಾದರೆ ಅಲ್ಲಿಯೇ ಎಡವುತ್ತಾರೆ. ಕೈಗಂಬಿ ಎರಡೂ ಬದಿಯಲ್ಲಿರಬೇಕು, ಏಕೆಂದರೆ ಪಾರ್ಶ್ವವಾಯು ಯಾವ ಬದಿಯ ಕೈಯನ್ನು ಬಿಡುತ್ತದೆಂದು ಮೊದಲೇ ಹೇಳಲಾಗದು, ಹತ್ತುವಾಗ ಬಲಕ್ಕಿದ್ದದ್ದು ಇಳಿಯುವಾಗ ಎಡಕ್ಕಾಗುತ್ತದೆ. ಅಂದಕ್ಕಾಗಿ ಹಾಕುವ ಅಗಲವಾದ ಮರದ ಪಟ್ಟಿಯನ್ನು ಬೆರಳುಗಳು ಸುತ್ತಿ ಹಿಡಿಯಲಾರವು. 32ರಿಂದ 50 ಮಿ.ಮೀ. ವ್ಯಾಸದ ದುಂಡು ಸರಳು ಮುಷ್ಟಿಗೆ ಸರಿಯಾಗಿ ಒದಗುತ್ತದೆ. ಮಹಡಿ ಮನೆಯಾದರೆ ಒಂದರ ಮೇಲೊಂದು ಬರುವಂತೆ ಎರಡು ಕಪಾಟುಗಳಿಗೆ ಸುಮಾರು 1.5 ಮೀಟರ್ ಚದರದ ಜಾಗ ಬಿಟ್ಟು, ಅವುಗಳ ನಡುವಿನ ಸ್ಲ್ಯಾಬಿನ ಸುತ್ತ ತೊಲೆ ಕೊಟ್ಟಿದ್ದರೆ ಮುಂದೆಂದಾದರೂ ಅಲ್ಲಿ ಸಣ್ಣ ಲಿಫ್ಟ್ ಕೂರಿಸಬಹುದು.

ಅಡುಗೆಮನೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕೆಳಗಿನ ಆಳವಾದ ಕಪಾಟಿಗಿಂತ ಎಳೆದರೆ ಪೂರ್ತಿ ಹೊರಬರುವ ಡ್ರಾಯರ್ ಮೇಲು, ಮತ್ತು ಕುಳಿತು ಕೆಲಸ ಮಾಡಲು ಅಡುಗೆಕಟ್ಟೆಯ ಒಂದು ಭಾಗದ ಕೆಳಗೆ ಕಾಲು ಚಾಚುವ ಜಾಗವಿರಬೇಕು. ಹೊಗೆಯ ಎಚ್ಚರಿಕೆ ಗಂಟೆಯ ವಿಚಾರವನ್ನು ಮಾತ್ರ ಬಿಡುವಂತಿಲ್ಲ. ಸಾಮಾನ್ಯ ಗಂಟೆಗಳ ಸದ್ದು ಸುಮಾರು 3,000 ಹರ್ಟ್ಸ್‌ನಷ್ಟು ತಾರಕದಲ್ಲಿರುತ್ತದೆ. ವಯಸ್ಸಿನೊಂದಿಗೆ ಮೊದಲು ಮಂದವಾಗುವುದು ತಾರಕ ಸ್ವರಗಳ ಶ್ರವಣಶಕ್ತಿಯೇ. ನಿದ್ದೆಯಲ್ಲಿರುವವರನ್ನು ಎಬ್ಬಿಸಲು 520 ಹರ್ಟ್ಸ್‌ನ ತಗ್ಗಿದ ಸದ್ದು ಹೆಚ್ಚು ಪರಿಣಾಮಕಾರಿ ಎಂಬುದು ಸಾಬೀತಾಗಿದ್ದು, ಅಂಥ ಉಪಕರಣಗಳೂ ಸಿಗುತ್ತವೆ.

ಇಷ್ಟೆಲ್ಲ ಮಾಡಿದರೆ ನಿಜವಾಗಿ ಪ್ರಯೋಜನವಿದೆಯೇ ಎಂದು ಕೇಳುವವರಿಗೆ ನ್ಯೂಜಿಲೆಂಡಿನ ತಾರನಾಕಿ ಪ್ರದೇಶದಲ್ಲಿ ನಡೆದ ಅಧ್ಯಯನವನ್ನು ತೋರಿಸುತ್ತೇನೆ. 842 ಮನೆಗಳನ್ನು ಆರಿಸಿ, ಅವುಗಳಲ್ಲಿ ಒಂದು ಗುಂಪಿಗೆ ಮೆಟ್ಟಿಲಿಗೆ ಕೈಗಂಬಿ, ಸ್ನಾನಗೃಹಕ್ಕೆ ಹಿಡಿಸರಳು, ಹೊರಗಿನ ದೀಪ, ಮೆಟ್ಟಿಲಿನ ಅಂಚಿಗೆ ಜಾರದ ಪಟ್ಟಿ ಮುಂತಾದ ಸರಳ ಬದಲಾವಣೆಗಳನ್ನು ಮಾಡಿಕೊಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಮನೆಗಳಲ್ಲಿ ಬಿದ್ದು ಗಾಯಗೊಳ್ಳುವ ಪ್ರಮಾಣ ಶೇ. 26ರಷ್ಟು ಇಳಿಯಿತು. ಈಗಾಗಲೇ ಬಿದ್ದ ಅನುಭವವಿರುವ, ದಿನನಿತ್ಯದ ಕೆಲಸಕ್ಕೆ ಆಸರೆ ಬೇಕಾದ ಹಿರಿಯರ ಮನೆಗಳಲ್ಲಿ ಅಪಾಯಗಳನ್ನು ತೆಗೆದುಹಾಕಿದಾಗ ಬೀಳುವಿಕೆ ಶೇ. 38ರಷ್ಟು ತಗ್ಗುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯೂ ಹೇಳುತ್ತದೆ. ಯಾವ ಔಷಧಿಯನ್ನೂ ನುಂಗದೆ, ದಿನವೂ ನೆನಪಿಟ್ಟುಕೊಳ್ಳಬೇಕಾದ ಕಟ್ಟುಪಾಡಿಲ್ಲದೆ ಸಿಗುವ ರಕ್ಷಣೆ ಇದು. ಜಪಾನಿನ ದೀರ್ಘಾವಧಿ ಆರೈಕೆ ವಿಮೆಯು 2000ದಲ್ಲಿ ಆರಂಭವಾದಾಗಿನಿಂದ ಕೈಗಂಬಿ ಹಾಕಿಸುವುದು, ನೆಲದ ಏರಿಳಿತ ತೆಗೆಸುವುದು, ಸರಿಯುವ ಬಾಗಿಲು ಕೂರಿಸುವುದು ಮುಂತಾದ ಕೆಲಸಗಳಿಗೆ ನೆರವು ನೀಡುತ್ತ ಬಂದಿದೆ. ಮನೆಯ ದುರಸ್ತಿಯನ್ನು ಆರೋಗ್ಯದ ಆರೈಕೆಯ ಭಾಗವೆಂದು ಪರಿಗಣಿಸಿದ ಈ ನಿಲುವು ನನಗೆ ಅತ್ಯಂತ ಸರಿಯೆನಿಸುತ್ತದೆ.

ಇಂಥ ಮನೆ ಚೆಲುವಾಗಿರಲಾರದು ಎಂಬ ಅನುಮಾನಕ್ಕೆ ಅಮೆರಿಕದ ರಾಕ್‌ಫರ್ಡ್ ನಗರದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಗಾಲಿಕುರ್ಚಿ ಬಳಸುತ್ತಿದ್ದ ಮಾಜಿ ಸೈನಿಕರೊಬ್ಬರಿಗಾಗಿ ವಿನ್ಯಾಸಗೊಳಿಸಿದ ಮನೆಯೇ ಉತ್ತರ. 1952ರಲ್ಲಿ ಆ ದಂಪತಿ ಅಲ್ಲಿ ನೆಲೆಸಿದಾಗ ಇಂಥ ಮನೆಗಳಿಗೆ ಯಾವ ನಿಯಮಾವಳಿಯೂ ಇರಲಿಲ್ಲ. ಒಂದೇ ಮಟ್ಟದ ನೆಲ, ಅಗಲವಾದ ಹಾದಿಗಳು, ಕುಳಿತವರ ಕಣ್ಣಿನ ಎತ್ತರಕ್ಕೆ ತೆರೆದುಕೊಳ್ಳುವ ನೋಟ ಎಲ್ಲವೂ ಮನೆಯ ಸೌಂದರ್ಯದಲ್ಲೇ ಕರಗಿವೆ, ಮತ್ತು ದಂಪತಿ ಅಲ್ಲಿ ಸುಮಾರು ಅರುವತ್ತು ವರ್ಷ ಬಾಳಿದರು. ಎಲ್ಲರಿಗೂ ಒದಗುವ ವಿನ್ಯಾಸವೆಂಬ ಕಲ್ಪನೆಗೆ ರೂಪ ಕೊಟ್ಟ ವಾಸ್ತುಶಿಲ್ಪಿ ರಾನ್ ಮೇಸ್ ಕೂಡ ಬಾಲ್ಯದಲ್ಲೇ ಪೋಲಿಯೋಗೆ ತುತ್ತಾಗಿ ಗಾಲಿಕುರ್ಚಿ ಬಳಸುತ್ತಿದ್ದವರು. ಅವರೊಂದಿಗೆ ಸೇರಿದ ತಜ್ಞರ ತಂಡ 1997ರಲ್ಲಿ ರೂಪಿಸಿದ ಏಳು ತತ್ವಗಳಲ್ಲಿ, ಬಳಸುವವರಿಂದ ತಪ್ಪಾದರೂ ಅಪಾಯವಾಗದಂತೆ ವಿನ್ಯಾಸವಿರಬೇಕು ಎಂಬುದೂ ಒಂದು. ಹಿರಿಯರ ಮನೆಗೆ ಇದಕ್ಕಿಂತ ಮುಖ್ಯವಾದ ತತ್ವವನ್ನು ನಾನು ಕಾಣೆ.

ಈಗಾಗಲೇ ವಯಸ್ಸಾದವರ ಮನೆಯನ್ನು ತಿದ್ದುವಾಗ ಮಕ್ಕಳೇ ಎಲ್ಲವನ್ನೂ ನಿರ್ಧರಿಸಿಬಿಡುವುದು ನನಗೆ ನೋವಿನ ಸಂಗತಿ. ಹಿಡಿಸರಳಿನ ಎತ್ತರ ಪುಸ್ತಕದಲ್ಲಿ 840ರಿಂದ 915 ಮಿ.ಮೀ. ಎಂದಿರಬಹುದು, ಆದರೆ ಅದನ್ನು ಬಳಸುವವರು ಆ ಜಾಗದಲ್ಲಿ ಕುಳಿತು, ಎದ್ದು, ಕೈ ತಾನಾಗಿ ಎಲ್ಲಿಗೆ ಹೋಗುತ್ತದೆಂದು ತೋರಿಸಿದ ಮೇಲೆಯೇ ಗುರುತು ಹಾಕಬೇಕು. ಕುಳಿತಲ್ಲಿಂದ ಹೊರಗಿನ ದಾರಿ ಕಾಣುವ ಕಿಟಕಿ, ಬಂದುಹೋಗುವವರೊಂದಿಗೆ ಮಾತಾಡಬಹುದಾದ ಜಗಲಿ, ಅರ್ಧಕ್ಕೆ ನಿಂತ ಕೆಲಸವನ್ನು ಹಾಗೇ ಬಿಟ್ಟು ಮರಳಿ ಬರಬಹುದಾದ ಮೇಜು, ಇವು ಯಾವ ಮಾನದಂಡದಲ್ಲೂ ಇರದಿದ್ದರೂ ಅವರು ಕೇಳುವುದು ಇವನ್ನೇ, ಮತ್ತು ಕೇಳಿದ್ದನ್ನು ಕೊಡಬೇಕು.

ಕೊನೆಯದಾಗಿ ಒಂದು ದಾಖಲೆಯ ಮಾತು. ಗೋಡೆಗೆ ಗಾರೆ ಮೆತ್ತುವ ಮೊದಲು, ಬಲಪಡಿಸಿದ ಭಾಗಗಳು, ನೀರಿನ ಕೊಳವೆಗಳು, ವಿದ್ಯುತ್ ತಂತಿಗಳು ಎಲ್ಲೆಲ್ಲಿವೆ ಎಂಬುದು ಕಾಣುವಂತೆ ಅಳತೆಪಟ್ಟಿಯನ್ನು ಪಕ್ಕದಲ್ಲಿ ಹಿಡಿದು ಪ್ರತಿ ಗೋಡೆಯ ಛಾಯಾಚಿತ್ರ ತೆಗೆಸಿ, ಅವುಗಳ ಮುದ್ರಿತ ಪ್ರತಿಯನ್ನು ಮನೆಯ ಕಾಗದಪತ್ರಗಳ ಜೊತೆಗೇ ಇಡಿ. ಇಪ್ಪತ್ತೈದು ವರ್ಷಗಳ ನಂತರ ಸರಳು ಕೂರಿಸಲು ಬರುವ ಕೆಲಸಗಾರನಿಗೆ ಎಲ್ಲಿ ಕೊರೆಯಬೇಕು, ಎಲ್ಲಿ ಕೊರೆಯಬಾರದು ಎಂಬುದನ್ನು ಆ ಚಿತ್ರಗಳೇ ತಿಳಿಸುತ್ತವೆ.